ಕೊಂಬಿನ ಅಳತೆ

ರುಮಾಲು ಸುತ್ತಿಕೊಳ್ಳಬೇಕಾದರೆ ಎರಡೂ ಕೈ ತಲೆಯ ಮೇಲಕ್ಕೆ ಏಳಬೇಕು. ಕಳಕಪ್ಪನ ಬಲಗೈ ಎದೆಯ ಮಟ್ಟ ದಾಟಿ ಮೇಲೇಳುವುದನ್ನು ನಿಲ್ಲಿಸಿ ಎರಡು ಮಳೆಗಾಲ ಆಗಿತ್ತು. ಹೀಗಾಗಿ ಆ ಮುಂಜಾನೆಯೂ ರೇಣವ್ವ ತಲಬಾಗಿಲಿಗೆ ಅಗಳಿ ಹಾಕಿ ಬಂದು, ಗಂಡನನ್ನು ಕಂಬದ ಬುಡಕ್ಕೆ ಕೂರಿಸಿ, ಕೂಸಿಗೆ ಕುಂಚಿಗೆ ಕಟ್ಟಿದ ಹಾಗೆ ರುಮಾಲು ಸುತ್ತಿದಳು. ಇಡೀ ಮುಶಿಗೇರಿಗೆ ಇರುವುದು ಒಂದೇ ಬಂದೂಕು. ಆ ಬಂದೂಕು ಹಿಡಿಯುವವನ ತಲೆಗೆ ಹೆಂಡತಿ ರುಮಾಲು ಸುತ್ತುತ್ತಾಳೆ ಎಂಬುದು ಬೀದಿಗೆ ಗೊತ್ತಾದರೆ ಮುಗಿಯಿತಲ್ಲ, ನೀರಿಗೆ ಹೋಗುವ ಹೆಂಗಸರು ಕೊಡ ಇಳಿಸಿ ನಕ್ಕಾರು. ಸುತ್ತುವಾಗ ಅವಳ ಮೊಣಕೈ ಹೆಗಲಿಗೆ ತಗುಲಿತು. ಕಳಕಪ್ಪ ಹಲ್ಲು ಕಚ್ಚಿ ಸಹಿಸಿದ. ಅವಳು ಬಲಗಡೆ ನಿಂತು ಏನೋ ಅಂದಳು, ಅವನು ರೂಢಿಯ ಪ್ರಕಾರ ಹೂಂ ಅಂದ. ರೇಣವ್ವ ಸುತ್ತುವುದನ್ನು ಬಿಟ್ಟು ಎದುರಿಗೆ ಬಂದು ಕೂತಳು.

"ಮಹಮ್ಮದಸಾಬನ ಅನ್ನದಾಗ ಮಣ್ಣ ಹಾಕತೀರೇನು ಅಂತ ಕೇಳಿದೆ. ಅದಕ್ಕ ಹೂಂ ಅಂದ್ರಿ."

ಅವನಿಗೆ ಸಿಟ್ಟು ನೆತ್ತಿಗೇರಿತು. ಹೆಂಗಸರಿಗೆ ಬಂದೂಕಿನ ಮದ್ದಿನ ಸುದ್ದಿ ಯಾಕೆ, ನೀ ನಿನ್ನ ಒಲೆ ನೋಡಿಕೋ ಎಂದು ಗದರಿಸಿ ಎದ್ದ. ರೇಣವ್ವ ಒಲೆಯ ಕಡೆಗೆ ಹೋದಳು. ತಾಟಿನಲ್ಲಿ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಹಾಕಿ ಇಟ್ಟಳು; ರೊಟ್ಟಿ ಮುರಿಯುವುದೂ ಆ ಬಲಗೈಗೆ ಈಗ ದೊಡ್ಡ ಕೆಲಸವೇ. ಎರಡು ಬೆರಳಿಗೆ ಸದಾ ಜೋಮು. ಕಿವಿಯಲ್ಲಿ ಹಗಲೂ ರಾತ್ರಿ ಒಂದು ಜೀರುಂಡೆ ಒದರುತ್ತಿತ್ತು, ಅದರ ಗದ್ದಲದಲ್ಲೇ ಅವನು ಉಂಡ. ಉಂಡು, ಗೂಟದ ಮೇಲಿನ ಬಂದೂಕು ಇಳಿಸಿ, ಎಡ ಹೆಗಲಿಗೆ ಹಾಕಿ, ಮೇಲೆ ಕಂಬಳಿ ಹೊದ್ದುಕೊಂಡ. ಆ ಮನೆತನದಲ್ಲಿ ಬಂದೂಕು ಎಡ ಹೆಗಲಿಗೆ ಏರುವಂತಿಲ್ಲ. ಎಡ ಹೆಗಲು ಹೆಣ ಹೊರಲಿಕ್ಕೆ, ಬಲ ಹೆಗಲು ಬಂದೂಕಿಗೆ ಎಂದು ಅವನ ಅಪ್ಪ ತಿಪ್ಪಣ್ಣ ಹೇಳುತ್ತಿದ್ದ. ಕಂಬಳಿ ಇದ್ದದ್ದಕ್ಕೆ ಬಚಾವು, ಆಶ್ವೀಜದ ಬಿಸಿಲಿನಲ್ಲಿ ಕಂಬಳಿ ಯಾಕೆ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ಇವತ್ತು ತೀರಿಸಿಯೇ ಬಿಡುತ್ತೇನೆ ಎಂದುಕೊಂಡು ಅವನು ಕೆರೆಯ ದಾರಿ ಹಿಡಿದ. ನಾಡಿದ್ದು ಬನ್ನಿ. ಊರವರು ಬನ್ನಿ ಮುಡಿಯುವ ಮೊದಲು ಮರದ ಕೆಳಗೆ ಆ ಮನೆತನದ ಬಂದೂಕಿನಿಂದ ಒಂದು ಈಡು ಹಾರಬೇಕು, ಅದು ಅಜ್ಜನ ಕಾಲದ ಪದ್ಧತಿ. ಆ ಈಡಿಗೆ, ವರ್ಷವಿಡೀ ಹೊಲ ಕಾಯುವ ಈಡುಗಳಿಗೆ ಮದ್ದು ಅರೆದು ಕೊಡುವುದು ಗಜೇಂದ್ರಗಡದ ಮಹಮ್ಮದಸಾಬನ ಮನೆ, ಅದೂ ಅಜ್ಜನ ಕಾಲದ್ದೇ. ಆ ಮದ್ದಿನಲ್ಲಿ ಬೂದಿ ಬೆರೆಸುತ್ತಾನೆ ಎಂದು ಕಳಕಪ್ಪ ಹೇಳಿ ಮೂರು ತಿಂಗಳಾಗಿತ್ತು. ಮುಶಿಗೇರಿಯ ಮಾತು ಲಕ್ಕಲಕಟ್ಟಿಗೆ ಹೋಯಿತು, ಅಲ್ಲಿಂದ ಸೂಡಿಗೆ ಹೋಯಿತು. ಮದುವೆಯ ಗರ್ನಾಲಿಗೂ ಸಾಬನನ್ನು ಕರೆಯುವವರು ಇಲ್ಲವಾದರು. ಕಡೆಗೆ ಗೌಡ ಮಲ್ಲೇಶಪ್ಪ ಒಂದು ತೀರ್ಮಾನ ಮಾಡಿದ್ದರು. ಕೆರೆಯ ಏರಿಯ ಮೇಲೆ, ನಾಲ್ಕು ಮಂದಿಯ ಎದುರಿಗೆ, ಸಾಬನ ಮದ್ದು ಒಂದು ಈಡು, ನರಗುಂದದಿಂದ ತರಿಸಿದ ಡಬ್ಬಿಯ ಮದ್ದು ಒಂದು ಈಡು. ಸದ್ದು ಯಾರಾದರೂ ಕೇಳಬಹುದು, ಮದ್ದಿನ ಖರೇ ಕಸುವು ಗೊತ್ತಾಗುವುದು ಹೆಗಲು ಕೊಟ್ಟವನಿಗೆ. ಆದ್ದರಿಂದ ಕಳಕಪ್ಪನ ಮಾತೇ ಕಡೆಯ ಮಾತು. ಬೂದಿ ಅಂದರೆ ಬೂದಿ, ಸಾಬ ತನ್ನ ಒರಳುಕಲ್ಲು ಮಾರಿ ಈ ಕಸುಬು ಬಿಡಬೇಕು. ಹೀಗೆಂದು ಗೌಡರು ಹೇಳಿದಾಗ ಕಳಕಪ್ಪ, ಆಗಲಿ ಎಂದು ಎದೆ ತಟ್ಟಿಕೊಂಡಿದ್ದ.

ಬೂದಿಯಲ್ಲದೆ ಮತ್ತೇನು? ಮೊದಲು ಹೇಗಿತ್ತು ಆ ಮದ್ದು. ಬಂದೂಕಿನ ಕುದುರೆ ಎಳೆದರೆ ಗಜೇಂದ್ರಗಡದ ಗುಡ್ಡ ತಿರುಗಿ ಮಾತಾಡುತ್ತಿತ್ತು. ಬಂದೂಕಿನ ಹಿಂಬದಿಯ ಕಟ್ಟಿಗೆ ಹೆಗಲಿಗೆ ಬಂದು ಒದೆಯುತ್ತಿತ್ತು, ಒದೆತ ತಿಂದ ಜಾಗ ಮೊದಲು ಕೆಂಪಾಗಿ, ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಸುಗ್ಗಿಯ ಹೊತ್ತಿಗೆ ಕಪ್ಪಾಗಿ ಗಟ್ಟಿಗೊಳ್ಳುತ್ತಿತ್ತು. ಅದೇ ಆ ಮನೆಯ ಗಂಡಸರ ಗುರುತು. ಹೆಣ್ಣು ಕೊಡಲು ಬಂದ ಬೀಗರಿಗೆ ತಿಪ್ಪಣ್ಣ ಮಗನ ಅಂಗಿ ಬಿಚ್ಚಿಸಿ ಹೆಗಲು ತೋರಿಸಿದ್ದ, ರೇಣವ್ವನ ಅಪ್ಪ ಅದನ್ನು ಮುಟ್ಟಿ ನೋಡಿ ತಲೆದೂಗಿದ್ದ. ಹೆಗಲಿಗೆ ಬಟ್ಟೆ ಮಡಿಸಿ ಇಟ್ಟುಕೊಳ್ಳುವವನು ಗಂಡಸಲ್ಲ. ಒಂದು ಸಲ ರೇಣವ್ವ ಕೌದಿಯ ತುಂಡೊಂದನ್ನು ಗುಟ್ಟಾಗಿ ಅವನ ಅಂಗಿಯ ಒಳಮೈಗೆ ಹೊಲಿದಿದ್ದಳು. ಬೇಟೆಗೆ ಹೊರಟವನ ಕೈಗೆ ಅದು ಸಿಕ್ಕಿ, ಅಂಗಿಯನ್ನೇ ಹರಿದು ಒಲೆಗೆ ಹಾಕಿದ್ದ; ಅವಳು ಬೂದಿ ಗೋರಿದ್ದಳು. ಬೂದಿ, ಬೂದಿ. ಎಲ್ಲಿ ಹೋದರೂ ಬೂದಿಯೇ. ನಾಲ್ಕು ವರ್ಷದ ಕೆಳಗೆ ಈಡಿನ ಸದ್ದು ಸಣ್ಣದಾಗತೊಡಗಿತು. ಅಜ್ಜ ಚಿಗರಿಯ ಕೊಂಬು ಕೊಯ್ದು ಮಾಡಿಟ್ಟ ಅಳತೆಯಿತ್ತು, ಅದರ ತುಂಬ ಒಂದು ಈಡಿನ ಮದ್ದು. ಕಳಕಪ್ಪ ಮೊದಲು ಕೊಂಬಿನ ಮೇಲೆ ಗೋಪುರ ಮಾಡಿ ಹಾಕಿದ. ಮಾರನೆಯ ವರ್ಷ ಮೇಲೊಂದು ಚಿಟಿಕೆ. ಈಗ ಒಂದೂವರೆ ಕೊಂಬು ಹಾಕಿದರೂ ಒದ್ದೆ ಬಟ್ಟೆ ಕಲ್ಲಿಗೆ ಬಡಿದಂಥ ಸದ್ದು. ಆದರೆ ಒದೆತ ಮಾತ್ರ ಹೆಚ್ಚುತ್ತಲೇ ಹೋಗಿತ್ತು. ಸದ್ದು ಕಡಿಮೆಯಾಗಿ ಒದೆತ ಹೆಚ್ಚಾಗುವುದು ಹ್ಯಾಗೆ ಎಂದು ಅವನು ಎಂದೂ ಕೂತು ಯೋಚಿಸಲಿಲ್ಲ. ಯೋಚಿಸುವ ಹೊತ್ತಿಗೆ ಸಿಟ್ಟು ಬಂದುಬಿಡುತ್ತಿತ್ತು.

ಕೆರೆಯ ದಾರಿಯಲ್ಲಿ ಮುಂದೆ ದೇವಪ್ಪ ಕುಂಟುತ್ತ ಹೋಗುತ್ತಿದ್ದ. ಅವನ ಬೆನ್ನು ಕಂಡದ್ದೇ ಕಳಕಪ್ಪ ನಡಿಗೆ ನಿಧಾನ ಮಾಡಿದ. ದೇವಪ್ಪ ಗೌಡರ ಶೇಂಗಾ ಹೊಲ ಕಾಯುವವನು. ಕಾರಹುಣ್ಣಿಮೆ ಮುಗಿದ ಮೇಲಿನ ದಿನಗಳಲ್ಲಿ ಒಂದು ಮುಂಜಾನೆ ಬೀಜದ ಸಾಲು ಕೆದಕುತ್ತಿದ್ದ ಹಂದಿ, ಹತ್ತು ಮಾರು ದೂರ, ಅಡ್ಡಡ್ಡ ನಿಂತಿತ್ತು, ಕುರುಡನೂ ಹೊಡೆಯಬಹುದಿತ್ತು. ಕಳಕಪ್ಪನ ಈಡು ಹಾರಿತು, ಹೊಗೆ ಎದ್ದಿತು, ಹೊಗೆಯೊಳಗಿಂದ ಹಂದಿ ಹೊರಬಂದು ದೇವಪ್ಪನ ಮೀನಖಂಡ ಸೀಳಿಕೊಂಡು ಹೋಯಿತು. ಹೊರಸಿನ ಮೇಲೆ ಅವನನ್ನು ಹೊತ್ತು ತಂದಾಗ, ರಕ್ತ ತೊಟ್ಟಿಕ್ಕುತ್ತಿರುವಾಗಲೇ, ಎಲ್ಲರೂ ತನ್ನ ಮುಖ ನೋಡುತ್ತಿದ್ದಾರೆ ಎಂದು ಕಳಕಪ್ಪನಿಗೆ ಅನಿಸಿತು. ಯಾರೂ ಏನೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎನ್ನುವವರೂ ಇರಲಿಲ್ಲ, ಇವನೇ ಹೆಗಲು ಮುಟ್ಟಿಕೊಂಡು, ಮದ್ದಿನಾಗ ಬೂದಿ ಐತಿ ಎಂದು ಕೂಗಿದ. ಆ ಮಾತು ಬಾಯಿಂದ ಬಿದ್ದ ಕೂಡಲೇ ಎದೆ ಹಗುರಾಗಿತ್ತು. ಅದು ಅವನಿಗೆ ಇನ್ನೂ ನೆನಪಿದೆ, ಆ ಹಗುರಾದದ್ದು.

ನರಗುಂದದ ಡಾಕ್ಟರರ ಹತ್ತಿರ ಹೋದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎತ್ತಿನ ಸಂತೆಗೆ ಹೋಗುತ್ತೇನೆಂದು ಮೋಟಾರು ಹತ್ತಿ, ಜಯತೀರ್ಥ ಡಾಕ್ಟರರ ದವಾಖಾನೆಯ ಹೊರಗಿನ ಬಾಕಿನ ಮೇಲೆ ಮುಖಕ್ಕೆ ರುಮಾಲಿನ ಸೆರಗು ಎಳೆದುಕೊಂಡು ಕೂತಿದ್ದ. ಡಾಕ್ಟರರು ಹೆಗಲಿನ ಸಂದನ್ನು ಒತ್ತಿ, ತಿರುವಿ ನೋಡಿದರು. ಮೂವತ್ತು ವರ್ಷ ಅದೇ ಜಾಗಕ್ಕೆ ಸುತ್ತಿಗೆಯಿಂದ ಹೊಡೆದರೆ ಕಟ್ಟಿಗೆಯೂ ಸೀಳುತ್ತದೆ, ನರ ಜಜ್ಜಿ ಹೋಗಿದೆ, ಎಲುಬು ಸವೆದಿದೆ, ಬಂದೂಕು ಮುಟ್ಟಬೇಡ ಎಂದರು. ಕಣ್ಣ ಮುಂದೆ ಮಿಣುಕು ಹುಳ ಹಾರಿದಂತೆ ಆಗುತ್ತದೆಯೇ ಎಂದು ಕೇಳಿದರು, ಇಲ್ಲ ಎಂದು ಸುಳ್ಳು ಹೇಳಿದ. ಆಮೇಲೆ ಅವರು ಹಿಂದೆ ಹೋಗಿ ನಿಂತು, ಬಲಗಿವಿಯ ಹತ್ತಿರ ಕೈ ತಂದು, ಗಡಿಯಾರದ ಸಪ್ಪಳ ಕೇಳುತ್ತದೆಯೇ ಎಂದು ಎಡಗಡೆ ಬಾಗಿ ಕೇಳಿದರು. ಕೇಳತೈತ್ರಿ, ಟಿಕ್ ಟಿಕ್ ಅಂತೈತಿ ಎಂದ. ಡಾಕ್ಟರರು ಎದುರಿಗೆ ಬಂದು ಅಂಗೈ ಬಿಚ್ಚಿ ತೋರಿಸಿದರು, ಅದು ಖಾಲಿ ಇತ್ತು.

"ಕಳಕಪ್ಪ, ಗಡಿಯಾರ ಮೇಜಿನ ಮ್ಯಾಲೆ ಅದ. ಇಲ್ಲದ್ದು ಕೇಳಿಸಿಕೊಳ್ಳೋದು ಯಾತಕ್ಕಪಾ?"

ಅವರು ನಕ್ಕಿರಲಿಲ್ಲ, ಮೆಲ್ಲಗೇ ಅಂದಿದ್ದರು. ಆದರೂ ಮೋಟಾರಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಆ ಖಾಲಿ ಅಂಗೈ ಅವನ ಮುಖದ ಮುಂದೆ ಇತ್ತು. ಓದಿದವರ ಸೊಕ್ಕು ಎಂದು ಬೈದುಕೊಂಡ. ಕೊಟ್ಟ ಎಣ್ಣೆಯ ಶೀಸೆಯನ್ನು ಹಳ್ಳದಲ್ಲಿ ಎಸೆದ. ಅದಾಗಿ ಒಂದು ವಾರಕ್ಕೇ ಹಂದಿಯ ಈಡು.

ಏರಿಯ ಮೇಲೆ ಮಂದಿ ಕೂಡಿತ್ತು. ಗೌಡರು ಆಲದ ಬೇರಿನ ಮೇಲೆ ಕೂತಿದ್ದರು. ಧಾರವಾಡ ಜಿಲ್ಲೆ ಮುಂಬಯಿಯಲ್ಲೇ ಉಳಿಯುತ್ತದೋ ಮೈಸೂರಿಗೆ ಕೂಡುತ್ತದೋ ಎಂದು ಯಾರೋ ಮಾತು ತೆಗೆದಿದ್ದರು, ಇನ್ನೊಬ್ಬ ಏನೋ ಚೇಷ್ಟೆ ಮಾಡಿದ, ಎಲ್ಲರೂ ಜೋರಾಗಿ ನಕ್ಕರು. ಕಳಕಪ್ಪನೂ ನಕ್ಕ. ಅವನ ನಗು ತುಸು ತಡವಾಗಿ ಬಂತು, ಎಲ್ಲರೂ ನಿಲ್ಲಿಸಿದ ಮೇಲೂ ಒಂದಿಷ್ಟು ಹೊತ್ತು ಉಳಿಯಿತು. ಮಹಮ್ಮದಸಾಬ ಒಬ್ಬನೇ ದೂರಕ್ಕೆ ನಿಂತಿದ್ದ, ಕೈಯಲ್ಲಿ ಮದ್ದಿನ ಸೋರೆಬುರುಡೆ. ತೊಗರಿಕಟ್ಟಿಗೆಯ ಇದ್ದಲಿ ಅರೆದು ಅರೆದು ಅವನ ಉಗುರುಸಂದಿನ ಕಪ್ಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಒಂದು ಕಾಲಕ್ಕೆ ಅವನು ಕಳಕಪ್ಪನಿಗೆ ಅಣ್ಣಾ ಅನ್ನುತ್ತಿದ್ದ, ಕಳಕಪ್ಪ ಅವನಿಗೆ ತಮ್ಮಾ ಅನ್ನುತ್ತಿದ್ದ. ಅವನ ಹೆಂಡತಿ ರಸೂಲಬಿ ರಂಜಾನಿಗೆ ಸುರಕುಂಬಾ ಕಳಿಸಿದರೆ ರೇಣವ್ವ ಪಂಚಮಿಗೆ ಉಂಡಿ ಕಳಿಸುತ್ತಿದ್ದಳು. ಮೂರು ತಿಂಗಳಿಂದ ಆ ಹಾದಿಯ ಮೇಲೆ ಹುಲ್ಲು ಬೆಳೆದಿತ್ತು. ಈಗ ಅವನು ಬುರುಡೆಯನ್ನು ಗೌಡರ ಕೈಗೆ ಕೊಟ್ಟ, ಕಳಕಪ್ಪನ ಕೈಗೆ ಕೊಡಲಿಲ್ಲ.

ಗೌಡರು ಅಜ್ಜನ ಕೊಂಬು ಇಸಿದುಕೊಂಡು, ಎರಡಕ್ಕೂ ಒಂದೇ ಅಳತೆ ಎಂದು ಹೇಳಿ, ಮೇಲೆ ಬೆರಳಾಡಿಸಿ ಮಟ್ಟ ಮಾಡಿ ಕೊಟ್ಟರು. ಒಂದು ಕೊಂಬು, ಬರೀ ಒಂದು! ಕಳಕಪ್ಪನಿಗೆ ಒಳಗೇ ಖುಷಿಯಾಯಿತು. ಒಂದೂವರೆಗೇ ತುಸ್ ಅನ್ನುವ ಮದ್ದು ಒಂದಕ್ಕೆ ಏನು ಅಂದೀತು, ಬೀಡಿ ಹಚ್ಚಿದಷ್ಟೂ ಆಗಲಿಕ್ಕಿಲ್ಲ. ನಳಿಗೆಗೆ ಸಾಬನ ಮದ್ದು ಸುರಿದ, ಚಿಂದಿ ತುರುಕಿ ಕಡ್ಡಿಯಿಂದ ಜಡಿದ, ಗುಂಡು ಇಳಿಸಿದ. ಕಿಡಿ ಹಚ್ಚುವ ಕೇಪು ಹಾಕುವಾಗ ಜೋಮು ಹಿಡಿದ ಬೆರಳಿನಿಂದ ಅದು ಜಾರಿ ಹುಲ್ಲಿನಲ್ಲಿ ಬಿತ್ತು. ಬಗ್ಗಿ ಹುಡುಕುತ್ತಿರುವಾಗ ಕತ್ತಿನ ಹಿಂದೆ ಎಲ್ಲರ ಕಣ್ಣು ಚುಚ್ಚಿದಂತಾಯಿತು. ಸಿಕ್ಕಿತು. ಏರಿಯ ಒಳಬದಿಯ ಮಣ್ಣಿಗೆ ಗುರಿಯಿಟ್ಟು, ಬಲಗೈಯನ್ನು ಎಡಗೈಯಿಂದಲೇ ಎತ್ತಿ ಜಾಗಕ್ಕೆ ಕೂರಿಸಿ, ಕಟ್ಟಿಗೆಯನ್ನು ಹೆಗಲಿನ ಆ ಹಳೆಯ ಗುಂಡಿಗೆ ಒತ್ತಿಕೊಂಡ. ಒತ್ತಿದ ಕೂಡಲೇ ಮೈ ತಾನಾಗಿ ಕುಗ್ಗಿತು, ಕಣ್ಣು ತಾನಾಗಿ ಮುಚ್ಚಿತು, ಆಮೇಲೆ ಬೆರಳು ಕುದುರೆ ಎಳೆಯಿತು. ಹೆಗಲೊಳಗೆ ಬೆಂಕಿ ಹರಿದು ಮೊಣಕೈವರೆಗೆ ಇಳಿಯಿತು. ಸದ್ದು, ನೀರಿನಲ್ಲಿ ಮುಳುಗಿದವನಿಗೆ ದಡದ ಮೇಲಿನ ಮಾತು ಕೇಳಿದಷ್ಟು. ನೋಡಿದಿರಾ ಎನ್ನಲು ಅವನು ಕಣ್ಣು ತೆರೆದು ತಿರುಗಿದ.

ಕೆರೆಯ ಮೇಲಿದ್ದ ಬೆಳ್ಳಕ್ಕಿಗಳೆಲ್ಲ ಒಂದೇ ಸಲಕ್ಕೆ ಆಕಾಶದಲ್ಲಿದ್ದವು. ಆಚೆ ದಂಡೆಯ ಹುಣಸೆಮರದಿಂದ ಕಾಗೆಗಳು ಮರವನ್ನೇ ಖಾಲಿ ಮಾಡಿ ಎದ್ದಿದ್ದವು. ಗೌಡರ ಬಂಡಿಯ ಎತ್ತು ಹಗ್ಗ ಜಗ್ಗಿ ಹಿಂಗಾಲ ಮೇಲೆ ನಿಂತಿತ್ತು. ನೋಡಲು ಬಂದಿದ್ದ ಸಕ್ರವ್ವನ ಬಗಲಲ್ಲಿದ್ದ ಕೂಸು, ಮುಖ ಕೆಂಪಾಗಿ, ಕಿರುನಾಲಗೆ ಕಾಣುವಷ್ಟು ಬಾಯಿ ತೆರೆದಿತ್ತು. ಅಳುತ್ತಿತ್ತು. ಆ ಅಳುವೂ ಅವನಿಗೆ ಕೇಳಿಸುತ್ತಿರಲಿಲ್ಲ. ಸಣ್ಣವನಿದ್ದಾಗ ಎರಡು ಅಂಗೈಯಿಂದ ತನ್ನ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ತಾನು ಅಪ್ಪನ ಹಿಂದೆ ನಿಂತದ್ದು ನೆನಪಾಯಿತು, ಇದೇ ಏರಿ, ಇದೇ ಬಂದೂಕು. ಆ ಸದ್ದಿಗೆ ಚಡ್ಡಿ ಒದ್ದೆಯಾಗಿತ್ತು. ಆಗ ಅಪ್ಪ ಈ ಮಹಮ್ಮದಸಾಬನ ಅಪ್ಪ ಹುಸೇನಸಾಬನ ಮುಖದ ಮೇಲೆ ಮದ್ದಿನ ಚೀಲ ಎಸೆದು, ನಿನ್ನ ಮದ್ದಿನಾಗ ಜೀವ ಇಲ್ಲೋ ಎಂದು ಕೂಗಿದ್ದ. ಅಪ್ಪ ಕಡೆಗಾಲದಲ್ಲಿ ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದ. ಅಪ್ಪನ ಬಲಗೈ ಜೋತುಬಿದ್ದು, ಎಡಗೈಯಲ್ಲಿ ಉಣ್ಣುತ್ತಿದ್ದ. ಹಂದಿಯ ಶಾಪ ಎಂದು ಊರು ಹೇಳಿತು, ಮನೆಯೂ ನಂಬಿತು. ಅಷ್ಟು ಸದ್ದಿಗೆ ತಾನು ಕಿವಿ ಮುಚ್ಚಿಕೊಂಡಿದ್ದಾಗ ಅಪ್ಪನಿಗೆ ಸದ್ದೇ ಇಲ್ಲ ಎಂದು ಹ್ಯಾಗೆ ಅನಿಸಿತು ಎಂಬುದನ್ನು ತಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿಕೊಳ್ಳಲಿಲ್ಲವಲ್ಲ.

ನರಗುಂದದ ಡಬ್ಬಿಯ ಮದ್ದಿನ ಎರಡನೆಯ ಈಡು ತುಂಬಲು ಹೊತ್ತು ಹಿಡಿಯಿತು. ಈ ಸಲ ಕಣ್ಣು ಮುಚ್ಚಬಾರದು ಎಂದು ಗಟ್ಟಿ ಮನಸ್ಸು ಮಾಡಿದ. ಹಕ್ಕಿಗಳು ಮರಳಿ ಕೂರುವ ತನಕ, ಹೆಗಲು ಹಿಡಿದುಕೊಂಡಿದೆ ಎಂದು ನೆವ ಹೇಳಿ ಕಾದ. ಕೂತವು. ಕುದುರೆ ಎಳೆದ. ಕಣ್ಣು ಹಾಳಾಗಿ ಹೋಗಲಿ, ಮತ್ತೆ ಮುಚ್ಚಿಯೇಬಿಟ್ಟಿತು. ತೆರೆದು ನೋಡಿದರೆ ನಾಲ್ಕೈದು ಬೆಳ್ಳಕ್ಕಿ ಎದ್ದು, ಅಲ್ಲೇ ಒಂದು ಸುತ್ತು ಹಾಕಿ, ಅಲ್ಲೇ ಕೂತವು. ಹುಣಸೆಯ ಮೇಲಿನ ಕಾಗೆಗಳು ಅಲುಗಲಿಲ್ಲ. ಕೂಸು ಎಳ್ಳಷ್ಟೂ ಅಳದೆ ಸಕ್ರವ್ವನ ಮೂಗುತಿ ಹಿಡಿದು ಆಡುತ್ತಿತ್ತು. ಅವನ ಕಿವಿಗೆ ಮಾತ್ರ ಎರಡೂ ಒಂದೇ ಆಗಿದ್ದವು, ಎರಡರ ಮೇಲೂ ಅದೇ ಜೀರುಂಡೆ.

ಗೌಡರು ಎದ್ದು ಬಂದು ಎದುರಿಗೆ ನಿಂತರು. ಅವರ ತುಟಿ ನೋಡಿ, ಹೇಳು ಕಳಕಪ್ಪ ಎನ್ನುತ್ತಿದ್ದಾರೆಂದು ತಿಳಿದುಕೊಂಡ. ಮಂದಿ ಅವನ ಬಾಯನ್ನೇ ನೋಡುತ್ತಿತ್ತು. ಅವರಿಗೆಲ್ಲ ಕಿವಿ ಇದೆ, ಯಾವುದು ದೊಡ್ಡದೆಂದು ಗೊತ್ತಿದೆ. ಆದರೂ ತಾನು ಬೂದಿ ಅಂದರೆ, ಹೆಗಲು ಕೊಟ್ಟವನಿಗೆ ಗೊತ್ತು ಎಂದು ಒಪ್ಪಿ ಮನೆಗೆ ಹೋಗುತ್ತಾರೆ. ಒಂದೇ ಮಾತು, ಎರಡೇ ಅಕ್ಷರ. ಬನ್ನಿಯ ದಿನ ಮತ್ತೆ ರುಮಾಲು, ಮತ್ತೆ ಈಡು, ಮತ್ತೆ ಎಲ್ಲ ಮೊದಲಿನ ಹಾಗೆಯೇ. ದೂರದಲ್ಲಿ ಮಹಮ್ಮದಸಾಬ ತನ್ನ ಕಪ್ಪು ಉಗುರುಗಳನ್ನು ನೋಡುತ್ತ ನಿಂತಿದ್ದ.

"ಗೌಡ್ರ, ನನಗ ಎರಡೂ ಕೇಳಸಲಿಲ್ಲ."

ಗೌಡರು ಹುಬ್ಬು ಗಂಟಿಕ್ಕಿದರು. "ಅಂದ್ರ, ಎರಡೂ ಬೂದಿನ ಅಂತೀಯೇನು?"

ಬಾಗಿಲು ಇನ್ನೊಂದು ಸಲ ತೆರೆದಿತ್ತು. ಹೂಂ ಅಂದರೆ ಸಾಕಿತ್ತು, ಹೂಂ ಅನ್ನುವುದು ಅವನಿಗೆ ರೂಢಿಯೇ ಆಗಿತ್ತು. ಅವನು ಹೂಂ ಅನ್ನಲಿಲ್ಲ. ಕಂಬಳಿ ಕೆಳಗೆ ಬಿಟ್ಟು, ಎಡಗೈಯಿಂದ ಅಂಗಿಯ ಕಸಿ ಬಿಚ್ಚಿ, ಬಲ ಹೆಗಲು ಬಯಲು ಮಾಡಿದ. ಕಪ್ಪು ಹಸಿರು ಬೆರೆತ ಆ ಗುಂಡಿ, ಅದರ ಸುತ್ತ ಬತ್ತಿಹೋದ ತೋಳು, ಹಗಲ ಬೆಳಕಿಗೆ ಬಂದವು. ಮದ್ದು ಚಲೋ ಇದೆ, ಹಿಂದೆಯೂ ಚಲೋನೇ ಇತ್ತು, ಕಿವಿ ಹೋಗಿದ್ದು ನನ್ನದು ಎಂದ. ಕೇಳಿಸದ್ದಕ್ಕೆ ಹೆಚ್ಚು ಮದ್ದು ಹಾಕಿದೆ, ಹಾಕಿ ಹಾಕಿ ಹೆಗಲನ್ನೂ ತಿಂದುಕೊಂಡೆ ಎಂದ. ಧ್ವನಿ ಎಷ್ಟು ಏರಿದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಅಪ್ಪನ ಹಾಗೆ ಕೂಗುತ್ತಿದ್ದೇನೇನೋ ಎಂದು ಅನುಮಾನ ಬಂದರೂ ನಿಲ್ಲಿಸಲಿಲ್ಲ. ಇನ್ನೊಂದು ಮಾತು ಉಳಿದಿತ್ತು. ಅದಕ್ಕಾಗಿ ದೇವಪ್ಪನ ಕಡೆ ತಿರುಗಿದ.

"ದೇವಪ್ಪಾ, ಆ ಹಂದಿಗೆ ಈಡು ಹತ್ತಲಿಲ್ಲ. ನಾ ಕಣ್ಣ ಮುಚ್ಚಿದ್ದೆ."

ಅವನು ಏನಾದರೂ ಬೈದಿದ್ದರೆ ಕಳಕಪ್ಪ ಕೈ ಮುಗಿಯುತ್ತಿದ್ದ. ದೇವಪ್ಪ ಕೋಲು ಊರಿ ಎದ್ದು, ಕಾಲು ಎಳೆಯುತ್ತ ಏರಿ ಇಳಿದು ಹೋಗಿಬಿಟ್ಟ. ಮಂದಿಯ ಹಿಂದುಗಡೆ ಯಾರೋ ನಕ್ಕದ್ದು ಭುಜ ಕುಲುಕಿದ್ದರಿಂದ ಕಾಣಿಸಿತು. ನಗಲಿ. ಬನ್ನಿಗೆ ಈಡು ಹಾರಿಸುವವರು ಯಾರು ಎಂದು ಗೌಡರು ಕೇಳಿದರು. ಈ ವರ್ಷ ಬಂದೂಕು ಮರದ ಬುಡದಲ್ಲಿ ಪೂಜೆಗೆ ಕೂರಲಿ, ಮುಂದೆ ಯಾರು ಹಿಡಿದರೂ ಹೆಗಲಿಗೆ ಕೌದಿ ಹಾಕಿಕೊಂಡು, ಕಿವಿಗೆ ಅರಳೆ ಇಟ್ಟುಕೊಂಡು ಹಿಡಿಯಬೇಕು, ಈ ಕೊಂಬಿನ ಮೇಲೆ ಒಂದು ಕಾಳು ಮದ್ದೂ ಹೆಚ್ಚು ಬೀಳಬಾರದು ಎಂದು ಕಳಕಪ್ಪ ಹೇಳಿದ. ಗೌಡರಿಗೆ ಅದು ಅಷ್ಟು ಸೇರಿದಂತೆ ಕಾಣಲಿಲ್ಲ, ಆದರೆ ಅವನು ಹೇಳಿಯಾಗಿತ್ತು. ಸಾಬನ ಮದ್ದೇ ನಡೆಯುತ್ತದೆ ಎಂದು ಅವರು ನಾಲ್ಕು ಮಂದಿಗೆ ಕೇಳುವಂತೆ ಸಾರಿ ಬಂಡಿ ಹತ್ತಿದರು.

ಮಂದಿ ಚದುರಿತು. ಕಳಕಪ್ಪ ಅಂಗಿಯ ಕಸಿ ಕಟ್ಟಿಕೊಳ್ಳಲು ಒದ್ದಾಡುತ್ತಿದ್ದ, ಒಂದೇ ಕೈಯಿಂದ ಗಂಟು ಬೀಳುತ್ತಿರಲಿಲ್ಲ. ಬಲಗಡೆ ನೆರಳೊಂದು ಬಂದು ನಿಂತಿತು. ಹೊರಳಿ ನೋಡಿದರೆ ಮಹಮ್ಮದಸಾಬ, ತುಟಿ ಅಲುಗುತ್ತಿತ್ತು. ಏನೋ ಹೇಳುತ್ತಿದ್ದಾನೆ. ಬೈಯುತ್ತಿದ್ದಾನೋ, ಸಮಾಧಾನ ಹೇಳುತ್ತಿದ್ದಾನೋ ಮುಖದ ಮೇಲಿಂದ ತಿಳಿಯಲಿಲ್ಲ. ಕಳಕಪ್ಪನ ತಲೆ ಹೂಂ ಎನ್ನಲು ತಾನಾಗಿ ಬಗ್ಗತೊಡಗಿತ್ತು, ಅವನು ಅದನ್ನು ತಡೆದು ನಿಲ್ಲಿಸಿದ.

"ಕೇಳಸಲಿಲ್ಲ ತಮ್ಮಾ. ಈ ಕಡೆ ಬಂದು ಅನ್ನು."

ಮಹಮ್ಮದಸಾಬ ಅವನ ಮುಂದಿನಿಂದ ಸುತ್ತಿ ಎಡಗಡೆಗೆ ಬಂದ.

"ಬಂದೂಕ ಇತ್ತಾಗ ಕೊಡು ಅಂದೆ. ಮನೀತನಕ ನಾ ಹೊರತೀನಿ."

ಆ ಬಂದೂಕನ್ನು ಮನೆತನದ ಹೊರಗಿನವರು ಈವರೆಗೆ ಮುಟ್ಟಿದ್ದಿಲ್ಲ. ಕಳಕಪ್ಪ ಅದನ್ನು ಎತ್ತಿ ಅವನ ಕೈಗೆ ಕೊಟ್ಟು, ಅವನ ಬಲಕ್ಕೆ ಸರಿದು, ಎಡಗಿವಿಗೆ ಮಾತು ಕೇಳುವಷ್ಟು ಹತ್ತಿರವಾಗಿ ನಡೆಯತೊಡಗಿದ.